ಹಳೆಯ ಸ್ಟೀರಿಯೊ ರಿಸೀವರ್: ಆ್ಯಂಟೆನಾದಿಂದ ಮೊಬೈಲಿನವರೆಗೆ ಏನನ್ನು ಎಲ್ಲಿಗೆ ಜೋಡಿಸಬೇಕು?

ಮುಂಬಯಿಯ ಕನ್ನಡಿಗರ ಮನೆಗಳಲ್ಲಿ ಕಾಣುವ, ರೇಡಿಯೊ ಮತ್ತು ಆಂಪ್ಲಿಫೈಯರ್ ಒಂದೇ ಡಬ್ಬಿಯಲ್ಲಿರುವ ಹಳೆಯ ಸ್ಟೀರಿಯೊ ರಿಸೀವರುಗಳಿಗೆ ಸಾಮಾನ್ಯವಾಗಿ ಎರಡು ತವರು. ಒಂದು ಕೊಲ್ಲಿ ದೇಶ: ಎಪ್ಪತ್ತು, ಎಂಬತ್ತರ ದಶಕದಲ್ಲಿ ಕುವೈತಿನಲ್ಲೋ ದುಬೈಯಲ್ಲೋ ದುಡಿಯುತ್ತಿದ್ದ ಮಾವನೋ ಭಾವನೋ ಹೊತ್ತು ತಂದದ್ದು. ಇನ್ನೊಂದು ಚೋರ್ ಬಜಾರಿನ ಮಟನ್ ಸ್ಟ್ರೀಟ್. ಮರಾಂಟ್ಜ್, ಪಯೊನೀರ್, ಸಾನ್ಸುಯಿ, ಕೆನ್‌ವುಡ್, ಯಮಾಹಾ, ಹೆಸರು ಯಾವುದೇ ಇರಲಿ, ಮನೆಗೆ ತಂದು ಹಿಂದಕ್ಕೆ ತಿರುಗಿಸಿದೊಡನೆ ಉತ್ಸಾಹ ಅರ್ಧ ಇಳಿಯುತ್ತದೆ. ಸಾಲು ಸಾಲು ಕಿಂಡಿಗಳು, ತಿರುಪುಗಳು, ಎತ್ತಲೋ ಮಡಚಿಕೊಂಡ ಒಂದು ಕಪ್ಪು ಕಡ್ಡಿ, ಎರಡು ಕಿಂಡಿಗಳಿಗೆ ಸಿಕ್ಕಿಸಿದ ಲೋಹದ ತುಂಡುಗಳು.

ಹಾಳಾಗಿದೆ ಎಂದು ಅಟ್ಟ ಸೇರಿದ ಸೆಟ್ಟುಗಳಲ್ಲಿ ಎಷ್ಟೋ ಹಾಳಾಗಿರುವುದೇ ಇಲ್ಲ. ತಪ್ಪು ಕಿಂಡಿಗೆ ತಂತಿ ಹೋಗಿರುತ್ತದೆ, ಇಲ್ಲವೇ ಮುಂದಿನ ಒಂದು ಗುಂಡಿ ಒತ್ತಿಕೊಂಡು ಕೂತಿರುತ್ತದೆ. ಹಿಂಬದಿಯ ಪ್ರತಿಯೊಂದು ಕಿಂಡಿಯೂ ಇಂತಿಷ್ಟು ಬಲದ ಸಂಕೇತ ಬರಲಿ ಎಂದು ಕಾಯುತ್ತಿರುತ್ತದೆ. ಆ ಬಲ ತಿಳಿದರೆ ಕೆಲಸ ಮುಕ್ಕಾಲು ಪಾಲು ಮುಗಿಯಿತು. ದುಬಾರಿ ಕೇಬಲ್ಲುಗಳ ಮಾತು ಇಲ್ಲಿ ಬರುವುದಿಲ್ಲ, ಆ ಹಣವನ್ನು ಆ್ಯಂಟೆನಾಕ್ಕೆ ಉಳಿಸಿಕೊಳ್ಳಿ.

ಕೆಳಗಿನ ಕ್ರಮವನ್ನು ಬದಲಿಸಬೇಡಿ: ಮೊದಲು ವಿದ್ಯುತ್ತು, ಆಮೇಲೆ ಸ್ಪೀಕರ್, ಅನಂತರ ರೇಡಿಯೊ, ಕೊನೆಗೆ ಉಳಿದ ಉಪಕರಣಗಳು. ಒಂದೊಂದನ್ನೇ ಜೋಡಿಸಿ, ಕೇಳಿ, ಮುಂದಕ್ಕೆ ಹೋಗಿ. ಎಲ್ಲವನ್ನೂ ಒಟ್ಟಿಗೆ ಸಿಕ್ಕಿಸಿದರೆ ಗುಂಯ್ ಎನ್ನುವ ಸದ್ದು ಎಲ್ಲಿಂದ ಬಂತೆಂದು ಹುಡುಕುವುದರಲ್ಲೇ ಭಾನುವಾರ ಕಳೆದುಹೋಗುತ್ತದೆ.

ವಿದ್ಯುತ್ತು: ಪ್ಲಗ್ ಹಾಕುವ ಮುಂಚೆ

ಹಿಂಬದಿಯ ಪಟ್ಟಿಯಲ್ಲಿ ವೋಲ್ಟೇಜ್ ಬರೆದಿರುತ್ತದೆ. ಅಮೆರಿಕದ ಸೆಟ್ಟು 120 ವೋಲ್ಟ್, ಜಪಾನಿನೊಳಗೇ ಮಾರಾಟವಾದದ್ದು 100 ವೋಲ್ಟ್, ನಮ್ಮದು 230. ಕೊಲ್ಲಿಯಿಂದ ಬಂದ ಸೆಟ್ಟುಗಳಲ್ಲಿ ಬಹಳಷ್ಟಕ್ಕೆ 110, 120, 220, 240 ಎಂದು ಬದಲಿಸಬಹುದಾದ ಆಯ್ಕೆಯ ಸ್ವಿಚ್ಚೋ ಪ್ಲಗ್ಗೋ ಇರುತ್ತದೆ. 220 ಮತ್ತು 240 ಎರಡೂ ಇದ್ದರೆ 240ಕ್ಕೆ ಇಡಿ. ನಮ್ಮಲ್ಲಿ ಕರೆಂಟು ಕೆಲವು ಹೊತ್ತು 240 ಮುಟ್ಟುತ್ತದೆ, ಹಳೆಯ ಕೆಪಾಸಿಟರುಗಳಿಗೆ ಹೆಚ್ಚಿಗೆ ವೋಲ್ಟೇಜ್ ಉಣಿಸುವುದು ಬೇಡ. ಆಯ್ಕೆಯನ್ನು 120ರಿಂದ 240ಕ್ಕೆ ಬದಲಿಸಿದಾಗ ಫ್ಯೂಸಿನ ಆಂಪಿಯರ್ ಕೂಡ ಸರಿಸುಮಾರು ಅರ್ಧಕ್ಕಿಳಿಯಬೇಕು. ಎಷ್ಟೆಂಬುದನ್ನು ಫ್ಯೂಸಿನ ಪಕ್ಕದಲ್ಲೇ ಮುದ್ರಿಸಿರುತ್ತಾರೆ.

ಬರೀ 120 ವೋಲ್ಟಿನ ಸೆಟ್ಟಾದರೆ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಲ್ಯಾಮಿಂಗ್ಟನ್ ರೋಡಿನಲ್ಲಿ ಸಿಗುತ್ತದೆ. ಸೆಟ್ಟಿನ ಹಿಂದೆ ಬರೆದ ವಾಟಿಗಿಂತ ಒಂದೂವರೆ ಪಟ್ಟು ಸಾಮರ್ಥ್ಯದ್ದು ತೆಗೆದುಕೊಳ್ಳಿ. 100 ವೋಲ್ಟಿನ ಜಪಾನಿ ಸೆಟ್ಟಿಗೆ 110 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಸಾಕು ಎಂದು ಅಂಗಡಿಯವರು ಹೇಳಿದರೆ ಒಪ್ಪಬೇಡಿ, 100ರದ್ದೇ ಕೇಳಿ.

ಕೆಲವು ರಿಸೀವರುಗಳ ಹಿಂದೆ ಬೇರೆ ಉಪಕರಣಗಳಿಗೆಂದು ಎರಡು ಮೂರು ವಿದ್ಯುತ್ ಸಾಕೆಟ್ಟುಗಳಿರುತ್ತವೆ. ಅವು ಸೆಟ್ಟಿಗೆ ಬರುವ ವೋಲ್ಟೇಜನ್ನೇ ಹೊರಕ್ಕೆ ಕೊಡುತ್ತವೆ. ಟ್ರಾನ್ಸ್‌ಫಾರ್ಮರಿನ ಮೇಲೆ ಓಡುವ ಸೆಟ್ಟಿನಲ್ಲಿ ಅಲ್ಲಿ 120 ವೋಲ್ಟ್ ಇರುತ್ತದೆ, ನೇರ ಓಡುವುದರಲ್ಲಿ 230. ಅವುಗಳನ್ನು ಬಳಸದಿರುವುದೇ ಲೇಸು.

ವರ್ಷಗಟ್ಟಲೆ ಮೂಲೆಯಲ್ಲಿದ್ದ ಸೆಟ್ಟನ್ನು ಮೊದಲ ಸಲ ನೇರವಾಗಿ ಗೋಡೆಯ ಸಾಕೆಟ್ಟಿಗೆ ಹಾಕಬಾರದು. ರಿಪೇರಿಯವರು ಸೀರೀಸ್ ಬೋರ್ಡ್ ಎನ್ನುತ್ತಾರಲ್ಲ, ಸೆಟ್ಟಿಗೆ ಹೋಗುವ ಕರೆಂಟು ಒಂದು ಬಲ್ಬಿನ ಮೂಲಕವೇ ಹಾದುಹೋಗುವಂತೆ ಕಟ್ಟಿದ ಹಲಗೆ, ಅದರ ಮೂಲಕ ಹಾಕಬೇಕು. 60 ಅಥವಾ 100 ವಾಟಿನ ಹಳೆಯ ತಂತಿಯ ಬಲ್ಬು ಸಾಕು, ಎಲ್‌ಇಡಿ ನಡೆಯದು. ಸ್ವಿಚ್ ಒತ್ತಿದಾಗ ಬಲ್ಬು ಒಮ್ಮೆ ಮಿನುಗಿ ಮಂಕಾದರೆ ಒಳಗೆ ಕ್ಷೇಮ. ಉರಿಯುತ್ತಲೇ ಉಳಿದರೆ ಒಳಗೆ ಶಾರ್ಟ್ ಇದೆ. ಇಲ್ಲಿಗೆ ನಿಲ್ಲಿಸಿ, ಬಲ್ಲವರಿಗೆ ತೋರಿಸಿ. ಬೋರ್ಡನ್ನು ಕಟ್ಟುವ ಅಭ್ಯಾಸ ನಿಮಗಿಲ್ಲದಿದ್ದರೆ ಈ ಒಂದು ಪರೀಕ್ಷೆಯನ್ನು ರಿಪೇರಿ ಅಂಗಡಿಯಲ್ಲೇ ಮಾಡಿಸಿಕೊಳ್ಳಿ.

ಸ್ಪೀಕರ್

ಇದನ್ನು ಬೇಗ ಮುಗಿಸೋಣ. ಮಲ್ಟಿಮೀಟರ್ ಇದ್ದರೆ, ಸ್ಪೀಕರ್ ಜೋಡಿಸುವ ಮೊದಲು, ಧ್ವನಿಯನ್ನು ಸೊನ್ನೆಗಿಟ್ಟು, ಸ್ಪೀಕರ್ ತಿರುಪುಗಳ ನಡುವೆ ಡಿಸಿ ವೋಲ್ಟೇಜ್ ಅಳೆಯಿರಿ. 50 ಮಿಲಿವೋಲ್ಟಿನೊಳಗಿದ್ದರೆ ಚೆನ್ನ. ವೋಲ್ಟುಗಳ ಲೆಕ್ಕದಲ್ಲಿ ಬಂದರೆ ಸ್ಪೀಕರಿನ ಸುರುಳಿ ಸುಡುತ್ತದೆ, ಜೋಡಿಸಲೇಬೇಡಿ. ಆಮೇಲೆ ಸೆಟ್ಟನ್ನು ಆರಿಸಿ, ಪ್ಲಗ್ ಕಿತ್ತು, ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಕಟ್ಟಿ. ಒಂದು ಎಳೆಯೂ ಪಕ್ಕದ ತಿರುಪಿಗೆ ತಾಗಬಾರದು. 8 ಓಮ್ ಸ್ಪೀಕರ್ ಎಲ್ಲದಕ್ಕೂ ಹೊಂದುತ್ತದೆ.

ಎ, ಬಿ ಎಂದು ಎರಡು ಜೋಡಿ ಸ್ಪೀಕರಿಗೆ ಅವಕಾಶವಿದ್ದು, ನಿಮ್ಮಲ್ಲಿ ಒಂದೇ ಜೋಡಿ ಇದ್ದರೆ ಗುಂಡಿಯನ್ನು ಎ ಮೇಲೆಯೇ ಇಡಿ. ಕೆಲವು ಸೆಟ್ಟುಗಳಲ್ಲಿ ಎರಡನ್ನೂ ಆರಿಸಿದಾಗ ಅವು ಸರಣಿಯಲ್ಲಿ ಸೇರುತ್ತವೆ. ಆಗ ಬಿ ಖಾಲಿ ಇದ್ದರೆ ಎ ಕೂಡ ಮೂಕವಾಗುತ್ತದೆ. ಹಿಂದೆ ಹೇಳಿದ ಲೋಹದ ತುಂಡುಗಳು ಪ್ರೀ-ಔಟ್ (ಧ್ವನಿ ಹೊಂದಿಸುವ ಭಾಗದಿಂದ ಹೊರಕ್ಕೆ) ಮತ್ತು ಮೇನ್-ಇನ್ (ಸ್ಪೀಕರಿಗೆ ಬಲ ಕೊಡುವ ಭಾಗದೊಳಕ್ಕೆ) ಕಿಂಡಿಗಳನ್ನು ಸೇರಿಸುವ ಸೇತುವೆಗಳು. ಅವು ಕಳೆದುಹೋಗಿದ್ದರೂ ಸದ್ದು ಬರುವುದಿಲ್ಲ. ಎರಡು ಗಿಡ್ಡ ಆರ್‌ಸಿಎ ಕೇಬಲ್ಲುಗಳನ್ನು, ಅಂದರೆ ಕೆಂಪು, ಬಿಳಿ ತುದಿಯ ಮಾಮೂಲಿ ಆಡಿಯೊ ಕೇಬಲ್ಲುಗಳನ್ನು, ಸಿಕ್ಕಿಸಿದರೆ ಆಯಿತು.

ಎಫ್‌ಎಂ ಆ್ಯಂಟೆನಾ: ಇಲ್ಲಿ ತಾಳ್ಮೆ ಇರಲಿ

ಮೊದಲು ಡಯಲ್ ನೋಡಿ. 88ರಿಂದ 108 ಮೆಗಾಹರ್ಟ್ಸ್ ಇದ್ದರೆ ಸರಿ. 76ರಿಂದ 90 ಎಂದಿದ್ದರೆ ಅದು ಜಪಾನಿನ ಒಳಮಾರುಕಟ್ಟೆಯ ಸೆಟ್ಟು. ಮುಂಬಯಿಯ ಖಾಸಗಿ ನಿಲಯಗಳು 91.1ರಿಂದ ಮೇಲಕ್ಕಿವೆ, ಆಕಾಶವಾಣಿಯ ಎಫ್‌ಎಂ ಗೋಲ್ಡ್ 100.7ರಲ್ಲಿ, ರೇನ್‌ಬೋ 107.1ರಲ್ಲಿ. ಎಂಥ ಆ್ಯಂಟೆನಾ ಹಾಕಿದರೂ ಆ ಡಯಲ್ಲಿನಲ್ಲಿ ಇವು ಕೇಳಿಸುವುದಿಲ್ಲ. ಅದನ್ನು ಆಂಪ್ಲಿಫೈಯರ್ ಎಂದುಕೊಂಡು ಮುಂದಿನ ಭಾಗಗಳಿಗೆ ಹೋಗಿ. ಅಂಕಿ ಮೂಡಿಸುವ ಎಂಬತ್ತರ ದಶಕದ ಕೆಲವು ಅಮೆರಿಕನ್ ಸೆಟ್ಟುಗಳು 200 ಕಿಲೋಹರ್ಟ್ಸ್ ಹೆಜ್ಜೆಯಲ್ಲಿ ನಡೆಯುತ್ತವೆ, ಅಂದರೆ 91.1, 91.3, 91.5 ಹೀಗೆ. ನಮ್ಮ ಅದೃಷ್ಟಕ್ಕೆ ಇಲ್ಲಿನ ಹೆಚ್ಚಿನ ನಿಲಯಗಳು ಬೆಸ ಅಂಕಿಯಲ್ಲೇ ಇವೆ. 104.0 ಥರದವು ಮಾತ್ರ ಅದಕ್ಕೆ ಸರಿಯಾಗಿ ಸಿಕ್ಕುವುದಿಲ್ಲ.

ಎಪ್ಪತ್ತರ ದಶಕದಲ್ಲಿ ಕೊಲ್ಲಿಯಿಂದ ಬಂದ ಸೆಟ್ಟುಗಳ ಎಫ್‌ಎಂ ಪಟ್ಟಿ ಇಲ್ಲಿ ಬಹುಕಾಲ ಹೆಚ್ಚುಕಡಿಮೆ ಖಾಲಿಯಾಗಿಯೇ ಹೊಳೆಯುತ್ತಿತ್ತು ಎಂಬುದನ್ನೂ ನೆನೆಯಬೇಕು. ದೇಶದ ಮೊದಲ ಎಫ್‌ಎಂ ಪ್ರಸಾರ 1977ರಲ್ಲಿ ಮದ್ರಾಸಿನಲ್ಲಿ ಆರಂಭವಾಯಿತು. ಮೊದಲ ಖಾಸಗಿ ನಿಲಯ ಬಂದದ್ದು 2001ರ ಜುಲೈಯಲ್ಲಿ, ನಮ್ಮ ಬೆಂಗಳೂರಿನಲ್ಲಿ. ಹಾಗಾಗಿ ಹಿಂದಿನ ಎಫ್‌ಎಂ ತಿರುಪುಗಳಿಗೆ ಹುಟ್ಟಿದಂದಿನಿಂದ ತಂತಿಯೇ ತಾಗದ ಸೆಟ್ಟು ನಿಮ್ಮ ಕೈಗೆ ಸಿಕ್ಕರೆ ಆಶ್ಚರ್ಯವಿಲ್ಲ.

ಹಿಂಬದಿಯಲ್ಲಿ ಎರಡು ಬಗೆಯ ಎಫ್‌ಎಂ ಸಂಪರ್ಕ ಇರಬಹುದು. 300 ಓಮ್ ಎಂದರೆ ಎರಡು ತಿರುಪುಗಳು, ಚಪ್ಪಟೆ ರಿಬ್ಬನ್ ತಂತಿಗೆ. 75 ಓಮ್ ಎಂದರೆ ದುಂಡು ಕೇಬಲ್ಲಿಗೆ, ಅಂದರೆ ಕೇಬಲ್ ಟಿವಿಯವರು ಎಳೆಯುತ್ತಾರಲ್ಲ ಆ ಬಗೆಯದಕ್ಕೆ. ಒಂದು ಸಮಯಕ್ಕೆ ಒಂದನ್ನೇ ಬಳಸಬೇಕು. 75 ಓಮ್ ಬರೀ ತಿರುಪಿನ ರೂಪದಲ್ಲಿದ್ದರೆ ಕೇಬಲ್ಲಿನ ನಡುತಂತಿ 75ರ ತಿರುಪಿಗೆ, ಹೊರಜಾಲರಿ ಪಕ್ಕದ ಗ್ರೌಂಡ್ ತಿರುಪಿಗೆ. ಜಾಲರಿಯ ಒಂದೆಳೆಯೂ ನಡುತಂತಿಯನ್ನು ಮುಟ್ಟಕೂಡದು. ನಿಮ್ಮ ಕೇಬಲ್ ದುಂಡು, ಸೆಟ್ಟಿನಲ್ಲಿ 300 ಓಮ್ ಮಾತ್ರ ಇದೆ ಎಂದರೆ ನಡುವೆ 75 ಓಮನ್ನು 300 ಓಮಿಗೆ ಹೊಂದಿಸುವ ಬಾಲನ್ ಎಂಬ ಪುಟ್ಟ ಡಬ್ಬಿ ಬೇಕು. ಟಿವಿ ಬಿಡಿಭಾಗಗಳ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ.

ಇನ್ನು ಆ್ಯಂಟೆನಾವನ್ನೇ ಕಟ್ಟಿಕೊಳ್ಳೋಣ. ಉದ್ದದ ಲೆಕ್ಕ ಸುಲಭ: 142.5ನ್ನು ಮೆಗಾಹರ್ಟ್ಸಿನಿಂದ ಭಾಗಿಸಿದರೆ ಆ್ಯಂಟೆನಾದ ಒಟ್ಟು ಉದ್ದ ಮೀಟರಿನಲ್ಲಿ ಸಿಗುತ್ತದೆ. ಪಟ್ಟಿಯ ನಡುಭಾಗ 98 ಎಂದುಕೊಂಡರೆ 1.45 ಮೀಟರ್.

ಸರಳ ದಾರಿ ಇದು. ಎರಡೆಳೆಯ ಸಾದಾ ಸ್ಪೀಕರ್ ತಂತಿ ಮೂರು ಮೀಟರ್ ತೆಗೆದುಕೊಳ್ಳಿ. ಒಂದು ತುದಿಯಿಂದ 73 ಸೆಂಟಿಮೀಟರ್ ತನಕ ಎಳೆಗಳನ್ನು ಸೀಳಿ, ಸೀಳು ಮುಂದಕ್ಕೆ ಹೋಗದಂತೆ ಅಲ್ಲಿ ದಾರದಿಂದ ಬಿಗಿಯಾಗಿ ಕಟ್ಟಿ. ಸೀಳಿದ ಎರಡು ಎಳೆಗಳನ್ನು ಎಡಬಲಕ್ಕೆ ಚಾಚಿದರೆ ಇಂಗ್ಲಿಷಿನ ಟೀ ಅಕ್ಷರದ ಆಕಾರ ಬರುತ್ತದೆ. ಕೆಳಗಿನ ತುದಿಯ ಒಂದೆಳೆ 75ರ ತಿರುಪಿಗೆ, ಇನ್ನೊಂದು ಗ್ರೌಂಡಿಗೆ.

ಸೆಟ್ಟಿನಲ್ಲಿ 300 ಓಮ್ ಇದ್ದರೆ ರಿಬ್ಬನ್ನಿನಿಂದಲೇ ಮಾಡುವುದು ಒಳ್ಳೆಯದು. 1.45 ಮೀಟರ್ ರಿಬ್ಬನ್ ಕತ್ತರಿಸಿ. ಎರಡೂ ತುದಿಗಳಲ್ಲಿ ಅದರ ಎರಡು ತಂತಿಗಳನ್ನು ಸುಲಿದು ಒಂದಕ್ಕೊಂದು ಹೊಸೆದು ಬೆಸುಗೆ ಹಾಕಿ. ನಟ್ಟನಡುವೆ ಕೆಳಗಿನ ತಂತಿಯನ್ನು ಮಾತ್ರ ಕತ್ತರಿಸಿ; ಮೇಲಿನದನ್ನು ಮುಟ್ಟಬೇಡಿ. ಕತ್ತರಿಸಿದ ಎರಡು ಮೊನೆಗಳಿಗೆ ಇನ್ನೊಂದು ರಿಬ್ಬನ್ನಿನ ಎರಡು ತಂತಿಗಳನ್ನು ಬೆಸೆದು ಸೆಟ್ಟಿಗೆ ಇಳಿಸಿ. ಯಾವ ತಂತಿ ಯಾವ ತಿರುಪಿಗೆ ಎಂಬ ಚಿಂತೆ ಬೇಡ, ಹೇಗೆ ಹಾಕಿದರೂ ಒಂದೇ.

ಎಲ್ಲಿ ನೇತುಹಾಕಬೇಕು? ಮುಂಬಯಿಯ ಫ್ಲ್ಯಾಟಿನಲ್ಲಿ ಇದೇ ದೊಡ್ಡ ಪ್ರಶ್ನೆ. ಕಿಟಕಿಗೆ ಕಬ್ಬಿಣದ ಗ್ರಿಲ್, ಜಾರುವ ಅಲ್ಯುಮಿನಿಯಂ ಚೌಕಟ್ಟು, ಗೋಡೆಯೊಳಗೆ ಸರಳುಗಳು. ಆ್ಯಂಟೆನಾವನ್ನು ಗ್ರಿಲ್ಲಿಗೆ ಕಟ್ಟಿದರೆ ಲೋಹವೇ ಸಂಕೇತವನ್ನು ಕೆಡಿಸುತ್ತದೆ, ಕನಿಷ್ಠ ಅರ್ಧ ಮೀಟರ್ ದೂರ ಇರಲಿ. ನನ್ನ ಮಟ್ಟಿಗೆ ಅತ್ಯುತ್ತಮ ಜಾಗವೆಂದರೆ ಬಾಲ್ಕನಿಯಲ್ಲಿ ಸೂರಿನಡಿ ಬಟ್ಟೆ ಒಣಗಿಸಲು ಕಟ್ಟಿದ ನೈಲಾನ್ ಹಗ್ಗ. ಎತ್ತರ ಸಿಗುತ್ತದೆ, ಬಯಲಿಗೆ ಮುಖ ಸಿಗುತ್ತದೆ, ಹಗ್ಗದಲ್ಲಿ ಲೋಹವಿಲ್ಲ. ಹೆಂಡತಿಯ ಸೀರೆ ಒಣಗುವ ಹೊತ್ತಿಗೆ ಮಾತ್ರ ರೇಡಿಯೊಗೆ ರಜೆ. ಪ್ಲಾಸ್ಟಿಕ್ ಹೊದಿಕೆಯೊಳಗೆ ಉಕ್ಕಿನ ತಂತಿ ಇರುವ ಹಗ್ಗವಾದರೆ ಬೇಡ. ತಾರಸಿಯ ಮೇಲೆ ನಿಲ್ಲಿಸುವ ಆಸೆ ಇದ್ದರೆ ಮೊದಲು ಸೊಸೈಟಿಯ ಕಾರ್ಯದರ್ಶಿಯನ್ನು ಕಾಣಬೇಕು, ಜೊತೆಗೆ ಸಿಡಿಲಿನಿಂದ ರಕ್ಷಿಸುವ ಸರಿಯಾದ ಅರ್ಥಿಂಗ್ ಮಾಡಿಸಬೇಕು. ನಗರದೊಳಗಿನ ನಿಲಯಗಳಿಗೆ ಅಷ್ಟೆಲ್ಲ ಅಗತ್ಯವಿಲ್ಲ.

ಹೀಗೆ ಅಡ್ಡಲಾಗಿ ಚಾಚಿದ ಆ್ಯಂಟೆನಾ ತನ್ನ ಅಗಲ ಮುಖದ ದಿಕ್ಕಿನಿಂದ ಚೆನ್ನಾಗಿ ಹಿಡಿಯುತ್ತದೆ, ತುದಿಗಳ ದಿಕ್ಕಿನಿಂದ ಕಡಿಮೆ. ಒಂದು ತುದಿಯನ್ನು ಹಿಡಿದು ನಿಧಾನವಾಗಿ ತಿರುಗಿಸುತ್ತ ಕೇಳಿ. ಅಡ್ಡ ಚಾಚಿದ್ದು ಸಮಾಧಾನ ಕೊಡದಿದ್ದರೆ ಲಂಬವಾಗಿ ನೇತುಹಾಕಿಯೂ ನೋಡಿ.

ಕೇಳುವಾಗ ಮೀಟರಿನ ಮುಳ್ಳನ್ನೇ ನಂಬಬೇಡಿ. ಎರಡು ಮೀಟರುಗಳಿದ್ದರೆ ಟ್ಯೂನಿಂಗ್ ಮುಳ್ಳು ನಡುವಿಗೆ ಬರುವಂತೆ ಮೊದಲು ಹೊಂದಿಸಿ, ಸಿಗ್ನಲ್ ಮುಳ್ಳನ್ನು ಆಮೇಲೆ ನೋಡಿ. ಮುಂಬಯಿಯಲ್ಲಿ ಸಂಕೇತದ ಬರಗಾಲ ಕಡಿಮೆ, ಪ್ರತಿಧ್ವನಿಯ ಕಾಟ ಹೆಚ್ಚು. ನಲವತ್ತು ಅಂತಸ್ತಿನ ಕಟ್ಟಡಗಳಿಗೆ ಬಡಿದು ಬಂದ ಅದೇ ಸಂಕೇತ ತುಸು ತಡವಾಗಿ ಮತ್ತೊಮ್ಮೆ ಆ್ಯಂಟೆನಾಕ್ಕೆ ತಾಗುತ್ತದೆ. ಆಗ ಮುಳ್ಳು ಬಲಕ್ಕೆ ವಾಲಿದ್ದರೂ ಹಾಡಿನ ಸಕಾರ, ಶಕಾರಗಳು ಒಡೆದು ಉಗುಳಿದಂತೆ ಕೇಳಿಸುತ್ತವೆ. ಮುಳ್ಳು ಸ್ವಲ್ಪ ಕೆಳಗಿಳಿದರೂ ಸಕಾರ ಶುದ್ಧವಾಗುವ ಸ್ಥಾನವೇ ಸರಿಯಾದದ್ದು. ಒಂದೇ ನಿಲಯ ಡಯಲ್ಲಿನ ಎರಡು ಮೂರು ಕಡೆ ಇಣುಕಿದರೆ ಪ್ರಸಾರ ಗೋಪುರ ನಿಮ್ಮ ಮನೆಗೆ ತೀರ ಹತ್ತಿರವಿದೆ ಎಂದರ್ಥ. ಅಂಥಲ್ಲಿ ಒಂದಡಿ ಗಿಡ್ಡ ತಂತಿಯೇ ಸಾಕು. ಡೊಂಬಿವಲಿ, ಕಲ್ಯಾಣದ ಕಡೆಯ ಮನೆಗಳಲ್ಲಿ ಇದಕ್ಕೆ ವಿರುದ್ಧವಾಗಿ ಸ್ಟೀರಿಯೊ ದೀಪ ಹತ್ತಿ ಆರುತ್ತಿರಬಹುದು. ಸ್ಟೀರಿಯೊ ಪ್ರಸಾರಕ್ಕೆ ಮೊನೊಗಿಂತ ಬಹಳ ಬಲವಾದ ಸಂಕೇತ ಬೇಕು. ಮೊನೊ ಗುಂಡಿ ಒತ್ತಿ, ಸುಯ್ ಸದ್ದು ಅಡಗುತ್ತದೆ. ನಿಲಯಗಳೇ ಸಿಗುತ್ತಿಲ್ಲ ಎಂದರೆ ಮ್ಯೂಟಿಂಗ್ ಗುಂಡಿಯನ್ನು ಬಿಡಿಸಿ ನೋಡಿ, ಅದು ದುರ್ಬಲ ನಿಲಯಗಳ ಬಾಯಿಯನ್ನೇ ಮುಚ್ಚಿಸುತ್ತದೆ.

ಮಧ್ಯಮ ತರಂಗ: ಮುಂಬಯಿಯಲ್ಲಿ ಧಾರವಾಡ

ಹಿಂದೆ ಮಡಚಿಕೊಂಡಿದ್ದ ಕಪ್ಪು ಕಡ್ಡಿ ಇದೇ, ಮಧ್ಯಮ ತರಂಗದ ಫೆರೈಟ್ ಆ್ಯಂಟೆನಾ. ಅದನ್ನು ಸೆಟ್ಟಿನ ಲೋಹದ ಮೈಯಿಂದ ಹೊರಕ್ಕೆ ಎಳೆದು ದೂರ ನಿಲ್ಲಿಸಿ. ಮೈಗೆ ಅಂಟಿಕೊಂಡಿದ್ದರೆ ಅರ್ಧ ಕಿವುಡು. ಸ್ಥಳೀಯ ಆಕಾಶವಾಣಿಗೆ ಇಷ್ಟೇ ಸಾಕು, ಅದರ ಪ್ರಸಾರ ಗೋಪುರಗಳು ಮಲಾಡಿನ ಮಾಲವಣಿಯಲ್ಲೇ ಇವೆ.

ದೂರದ ನಿಲಯಗಳ ಆಸೆ ಇರುವವರಿಗೆ ರಾತ್ರಿಯೇ ಗತಿ. ಹಗಲಿನಲ್ಲಿ ಮಧ್ಯಮ ತರಂಗ ನೆಲದ ಮೇಲಷ್ಟೇ ಹರಿಯುತ್ತದೆ. ಕತ್ತಲಾದ ಮೇಲೆ ಮೇಲಿನ ವಾತಾವರಣದ ಅಯಾನು ಪದರಕ್ಕೆ ತಾಗಿ ನೂರಾರು ಕಿಲೋಮೀಟರ್ ಆಚೆ ಇಳಿಯುತ್ತದೆ. ಧಾರವಾಡ 765 ಕಿಲೋಹರ್ಟ್ಸ್, ಬೆಂಗಳೂರು 612, ಭದ್ರಾವತಿ 675, ಮಂಗಳೂರು 1089, ಕಲಬುರಗಿ 1107. ಅಂಕಿಯ ಡಯಲ್ಲಿನ ಅಮೆರಿಕನ್ ಸೆಟ್ಟಾದರೆ ಅದು 10 ಕಿಲೋಹರ್ಟ್ಸ್ ಹೆಜ್ಜೆಯಲ್ಲಿ ನಡೆಯುತ್ತದೆ, ನಮ್ಮ ನಿಲಯಗಳು 9ರ ಹೆಜ್ಜೆಯಲ್ಲಿವೆ; ಹಿಂದೆ 9 ಮತ್ತು 10ರ ಸ್ವಿಚ್ ಇದೆಯೇ ನೋಡಿ. ಮುಳ್ಳಿನ ಡಯಲ್ಲಿಗೆ ಈ ತೊಡಕಿಲ್ಲ.

ಮಧ್ಯಮ ತರಂಗಕ್ಕೆಂದು ಎಎಂ ಎಂದು ಬರೆದ ತಿರುಪಿಗೆ ಹೊದಿಕೆಯುಳ್ಳ ತಂತಿ ಐದರಿಂದ ಹತ್ತು ಮೀಟರ್ ಕಟ್ಟಿ ಬಾಲ್ಕನಿಯ ಉದ್ದಕ್ಕೆ ಹರಡಿ. ತೊಂಬತ್ತರ ದಶಕದತ್ತ ಸರಿದ ಸೆಟ್ಟುಗಳಲ್ಲಿ ಕಡ್ಡಿಯ ಬದಲು ಚೌಕಾಕಾರದ ಲೂಪ್ ಇರುತ್ತದೆ, ಅದರ ಎರಡೂ ತುದಿಗಳನ್ನು ಹಾಕಲೇಬೇಕು. ಲೂಪ್ ಇಲ್ಲದ ಸೆಟ್ಟಿನಲ್ಲಿ ಪಕ್ಕದ ಗ್ರೌಂಡ್ ತಿರುಪನ್ನು ಖಾಲಿ ಬಿಡಿ. ಅಡುಗೆ ಅನಿಲದ ಪೈಪಿಗೆ ಎಂದೆಂದೂ ತಂತಿ ಕಟ್ಟಬಾರದು. ಗೋಡೆಯ ಸಾಕೆಟ್ಟಿನ ಅರ್ಥ್ ರಂಧ್ರಕ್ಕೆ ತಂತಿ ತೂರಿಸುವುದೂ ಬೇಡ.

ಧಾರವಾಡ ಬಂದೇ ಬರುತ್ತದೆ ಎಂದು ಮಾತ್ರ ಹೇಳಲಾರೆ. ಇಂದಿನ ಮನೆಯಲ್ಲಿ ಮಧ್ಯಮ ತರಂಗದ ವೈರಿಗಳು ಬಹಳ: ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಲಿಫ್ಟಿನ ಮೋಟಾರು, ಹಳಿಯ ಪಕ್ಕದಲ್ಲಿದ್ದರೆ 25 ಕಿಲೋವೋಲ್ಟಿನ ಲೋಕಲ್ ರೈಲಿನ ತಂತಿ. ಮನೆಯ ಚಾರ್ಜರುಗಳನ್ನು ಒಂದೊಂದಾಗಿ ಕಿತ್ತು ಕೇಳುತ್ತ ಹೋದರೆ ಗಲಾಟೆ ಮಾಡುವವನು ಸಿಕ್ಕಿಬೀಳುತ್ತಾನೆ. ಫೆರೈಟ್ ಕಡ್ಡಿಗೆ ಇನ್ನೊಂದು ಗುಣವಿದೆ: ಅದರ ತುದಿ ಯಾವ ಕಡೆಗೆ ಮುಖಮಾಡಿದೆಯೋ ಆ ಕಡೆಯಿಂದ ಬಂದದ್ದು ಬಹುತೇಕ ಕೇಳಿಸುವುದಿಲ್ಲ. ತುದಿಯನ್ನು ಗಲಾಟೆಯತ್ತ ತಿರುಗಿಸಿ.

ಗುಡುಗಿನ ಕಾಲ, ಅಂದರೆ ಮೇ ಕೊನೆಯಿಂದ ಜೂನ್, ಮತ್ತೆ ಅಕ್ಟೋಬರ್. ಮೋಡ ಕಟ್ಟಿದ ಕೂಡಲೇ ಹೊರಗಿನ ತಂತಿಯನ್ನೂ ಪ್ಲಗ್ಗನ್ನೂ ಕಳಚಿ. ಮಿಂಚು ಶುರುವಾದ ಮೇಲೆ ಕಳಚಲು ಓಡಬಾರದು.

ಆಕ್ಸ್: ಮೊಬೈಲ್, ಟಿವಿ, ಸಿಡಿ

ಈಗ ಬಲದ ಲೆಕ್ಕ. ಆಕ್ಸ್, ಅಂದರೆ ಹೊರಗಿನ ಉಪಕರಣಗಳಿಗೆಂದು ಇಟ್ಟ ಕಿಂಡಿ, ಸುಮಾರು 150 ಮಿಲಿವೋಲ್ಟ್ ಬಂದರೆ ಪೂರ್ತಿ ಧ್ವನಿ ಕೊಡುವಂತೆ ತಯಾರಾದದ್ದು. ಸಿಡಿ ಪ್ಲೇಯರ್ 2 ವೋಲ್ಟಿನವರೆಗೂ ಕೊಡುತ್ತದೆ. ಇದರಿಂದ ಹಾನಿಯೇನೂ ಇಲ್ಲ, ಧ್ವನಿಯ ಗುಂಡಿ ಒಂಬತ್ತು ಗಂಟೆಯ ಮುಳ್ಳಿನಷ್ಟು ತಿರುಗುವಷ್ಟರಲ್ಲೇ ಮನೆ ತುಂಬುತ್ತದೆ, ಅಷ್ಟೆ. ಟೇಪ್ ಪ್ಲೇ ಕಿಂಡಿಗಳೂ ಇದೇ ಬಲದವು, ಆದ್ದರಿಂದ ಆಕ್ಸ್ ಒಂದೇ ಇದ್ದರೆ ಎರಡನೆಯ ಉಪಕರಣವನ್ನು ಅಲ್ಲಿಗೆ ಹಾಕಬಹುದು. ಬಿಳಿ ಎಡ, ಕೆಂಪು ಬಲ.

ಮೊಬೈಲಿಗೆ 3.5 ಮಿಲಿಮೀಟರ್ ಪಿನ್ನಿನಿಂದ ಎರಡು ಆರ್‌ಸಿಎ ಆಗುವ ಕೇಬಲ್ ಸಾಕು. ಕಿವಿಯ ಪಿನ್ನಿನ ಕಿಂಡಿಯಿಲ್ಲದ ಹೊಸ ಮೊಬೈಲಾದರೆ ಟೈಪ್-ಸಿ ಯಿಂದ ಬರುವ ಪುಟ್ಟ ಬಾಲ ಬೇಕು. ಮೊಬೈಲಿನ ಧ್ವನಿಯನ್ನು ಮುಕ್ಕಾಲಿಗಿಂತ ಮೇಲಿಟ್ಟು, ಹೆಚ್ಚುಕಡಿಮೆಯನ್ನು ರಿಸೀವರಿನಲ್ಲೇ ಮಾಡಿ. ಬ್ಲೂಟೂತ್ ಡಬ್ಬಿ ಇನ್ನೂ ಅನುಕೂಲ, ಆದರೆ ಅದಕ್ಕೆ ಅಗ್ಗದ ಚಾರ್ಜರ್ ಹಾಕಿದರೆ ಹಾಡಿನ ಹಿಂದೆ ಕೀರಲು ದನಿ ಸೇರಿಕೊಳ್ಳುತ್ತದೆ. ಪವರ್ ಬ್ಯಾಂಕಿನಲ್ಲಿ ಓಡಿಸಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ.

ಧಾರವಾಡ ಮಧ್ಯಮ ತರಂಗದಲ್ಲಿ ಸಿಗದವರಿಗೆ ಇಲ್ಲೇ ಪರಿಹಾರ. ಪ್ರಸಾರ ಭಾರತಿಯ ನ್ಯೂಸ್‌ಆನ್‌ಏರ್ ಆ್ಯಪಿನಲ್ಲಿ ಕರ್ನಾಟಕದ ಆಕಾಶವಾಣಿ ನಿಲಯಗಳು ಬರುತ್ತವೆ. ಆಕ್ಸಿಗೆ ಮೊಬೈಲ್ ಕಟ್ಟಿದರೆ ಪ್ರದೇಶ ಸಮಾಚಾರ ಹಳೆಯ ಸ್ಪೀಕರಿನಲ್ಲಿ ಗಂಟೆ ಹೊಡೆದಂತೆ ಕೇಳುತ್ತದೆ.

ಇಂದಿನ ಟಿವಿಗಳಲ್ಲಿ ಬಹಳಷ್ಟಕ್ಕೆ ಬೆಳಕಿನ ಮೂಲಕ ಶಬ್ದ ಕಳಿಸುವ ಆಪ್ಟಿಕಲ್ ಕಿಂಡಿ ಮಾತ್ರ ಇರುತ್ತದೆ. ಅದನ್ನು ಆರ್‌ಸಿಎಗೆ ಇಳಿಸುವ ಡ್ಯಾಕ್ ಎಂಬ ಡಬ್ಬಿ ತಂದು, ಟಿವಿಯ ಧ್ವನಿ ಆಯ್ಕೆಯಲ್ಲಿ ಪಿಸಿಎಂ ಎಂದು ಬದಲಿಸಿ. ಬದಲಿಸದಿದ್ದರೆ ಮೌನ ಅಥವಾ ಕರಕರ. ಲ್ಯಾಪ್‌ಟಾಪಿನಿಂದ ಗುಂಯ್ ಸದ್ದು ಬಂದರೆ ಚಾರ್ಜರ್ ಕಿತ್ತು ನೋಡಿ. ನಿಂತರೆ ಅದು ಎರಡು ದಾರಿಯಿಂದ ಅರ್ಥ್ ಸೇರಿದ ದೋಷ. ಗ್ರೌಂಡ್ ಲೂಪ್ ಐಸೊಲೇಟರ್ ಎಂಬ ಪುಟ್ಟ ಟ್ರಾನ್ಸ್‌ಫಾರ್ಮರ್ ಅದನ್ನು ತಡೆಯುತ್ತದೆ. ಪ್ಲಗ್ಗಿನ ಅರ್ಥ್ ಪಿನ್ನನ್ನು ಮುರಿಯುವ ಚಾಳಿ ಬೇಡ.

ಯುರೋಪಿನ ಸೆಟ್ಟುಗಳಲ್ಲೂ ನಮ್ಮ ದೇಶದ್ದೇ ಹಳೆಯ ಕೆಲವು ಸೆಟ್ಟುಗಳಲ್ಲೂ ಆರ್‌ಸಿಎ ಬದಲು ಐದು ಪಿನ್ನಿನ ದುಂಡು ಡಿನ್ ಕಿಂಡಿ ಇರುತ್ತದೆ. ಟೇಪಿನ ಕಿಂಡಿಯಲ್ಲಿ 3 ಎಡದ, 5 ಬಲದ ಶಬ್ದವನ್ನು ಸೆಟ್ಟಿನೊಳಗೆ ತರುತ್ತವೆ, 1 ಮತ್ತು 4 ಹೊರಕ್ಕೆ ಒಯ್ಯುತ್ತವೆ, 2 ಗ್ರೌಂಡ್. ಸಿದ್ಧ ಕೇಬಲ್ ಕೊಳ್ಳುವಾಗ ಒಳಕ್ಕೋ ಹೊರಕ್ಕೋ ಎಂದು ಕೇಳಿ ತೆಗೆದುಕೊಳ್ಳಿ.

ಸಮುದ್ರದ ಗಾಳಿಗೆ ಇಲ್ಲಿನ ಕಿಂಡಿಗಳೆಲ್ಲ ಮಬ್ಬಾಗಿರುತ್ತವೆ. ಒಂದು ಕಡೆಯ ಸ್ಪೀಕರ್ ಆಗಾಗ ಸುಮ್ಮನಾದರೆ ಮೊದಲ ಸಂದೇಹ ಅಲ್ಲಿಯೇ. ಪಿನ್ನನ್ನು ಕಿಂಡಿಯಲ್ಲಿ ನಾಲ್ಕಾರು ಬಾರಿ ತಿರುಗಿಸಿ, ಕಾಂಟ್ಯಾಕ್ಟ್ ಕ್ಲೀನರ್ ಹಾಕಿದ ಹತ್ತಿಯಿಂದ ಒರೆಸಿ. ಬಾಗಿಲಿನ ತಿರುಗಣಿಗೆ ಹಾಕುವ ತುಕ್ಕಿನ ಎಣ್ಣೆಯ ಸ್ಪ್ರೇ ಇದಕ್ಕೆ ಒದಗುವುದಿಲ್ಲ.

ಫೋನೊ: ಗ್ರಾಮಫೋನ್ ತಟ್ಟೆಗೆ ಮಾತ್ರ

ಫೋನೊ ಕಿಂಡಿ ಕಾಯುವುದು ಸುಮಾರು 2.5 ಮಿಲಿವೋಲ್ಟಿಗೆ. ಮೊಬೈಲನ್ನೋ ಸಿಡಿ ಪ್ಲೇಯರನ್ನೋ ಅಲ್ಲಿಗೆ ಹಾಕುವುದು ಕೂಸಿನ ಒಳಲೆಗೆ ಬೋರ್‌ವೆಲ್ ಪೈಪು ತಿರುಗಿಸಿದ ಹಾಗೆ. ಬಲ ಮಾತ್ರವಲ್ಲ, ಶಬ್ದದ ರೂಪವೂ ಬೇರೆ. ತಟ್ಟೆಯನ್ನು ಕೊರೆಯುವಾಗ ಮಂದ್ರವನ್ನು ತಗ್ಗಿಸಿ ತಾರವನ್ನು ಏರಿಸಿರುತ್ತಾರೆ. ಫೋನೊ ಭಾಗ ಅದನ್ನು ತಿರುವಿಹಾಕಿ ಮಂದ್ರವನ್ನು ಸುಮಾರು 20 ಡೆಸಿಬಲ್ ಎತ್ತುತ್ತದೆ, ತಾರವನ್ನು ಅಷ್ಟೇ ಇಳಿಸುತ್ತದೆ. ಹಾಗಾಗಿ ತಪ್ಪಿ ಅಲ್ಲಿಗೆ ಸೇರಿದ ಮೊಬೈಲಿನ ಹಾಡು ಒಡೆದು, ಗುಮ್ಮೆಂದು, ಮಸುಕಾಗಿ ಕೇಳುತ್ತದೆ.

ತಟ್ಟೆ ತಿರುಗಿಸುವ ಟರ್ನ್‌ಟೇಬಲ್‌ಗಳಲ್ಲೂ ಭೇದವಿದೆ. ಮುಳ್ಳನ್ನು ಹಿಡಿದಿರುವ ಪುಟ್ಟ ತಲೆಗೆ ಕಾರ್ಟ್ರಿಜ್ ಎನ್ನುತ್ತಾರೆ. ಅದು ಮೂವಿಂಗ್ ಮ್ಯಾಗ್ನೆಟ್ ಬಗೆಯದಾದರೆ ನೇರ ಫೋನೊಗೆ. ಹಿಂದೆ ಫೋನೊ ಮತ್ತು ಲೈನ್ ಎಂಬ ಸ್ವಿಚ್ ಇರುವ ಹೊಸ ಟರ್ನ್‌ಟೇಬಲ್ ಆದರೆ, ಫೋನೊ ಎಂದಿಟ್ಟು ಫೋನೊ ಕಿಂಡಿಗೋ, ಲೈನ್ ಎಂದಿಟ್ಟು ಆಕ್ಸಿಗೋ ಹಾಕಿ. ನನ್ನ ಆಯ್ಕೆ ಮೊದಲನೆಯದು. ಎಪ್ಪತ್ತರ ದಶಕದ ಒಳ್ಳೆಯ ರಿಸೀವರಿನ ಫೋನೊ ಭಾಗ ಅಗ್ಗದ ಟರ್ನ್‌ಟೇಬಲ್ಲಿನೊಳಗೆ ತುರುಕಿದ್ದಕ್ಕಿಂತ ಹೆಚ್ಚಾಗಿ ಮೇಲೇ ಇರುತ್ತದೆ. ಎಚ್‌ಎಂವಿ ಫಿಯೆಸ್ಟಾದಂಥ ನಮ್ಮ ಮನೆಗಳ ಹಳೆಯ ಪ್ಲೇಯರಿನಲ್ಲಿ ಇರುವುದು ಸೆರಾಮಿಕ್ ಕಾರ್ಟ್ರಿಜ್. ಅದು ನೂರಾರು ಮಿಲಿವೋಲ್ಟ್ ಕೊಡುತ್ತದೆ, ಅದರ ಜಾಗ ಆಕ್ಸ್.

ಟರ್ನ್‌ಟೇಬಲ್ಲಿನಿಂದ ಬರುವ ಸಣ್ಣ ಮೂರನೆಯ ತಂತಿಯನ್ನು ಫೋನೊ ಪಕ್ಕದ ಗ್ರೌಂಡ್ ತಿರುಪಿಗೆ ಬಿಗಿಯಿರಿ. ಇದನ್ನು ಮರೆತರೆ 50 ಹರ್ಟ್ಸಿನ ಗುಂಯ್ ಗ್ಯಾರಂಟಿ. ಬಿಗಿದ ಮೇಲೂ ಉಳಿದರೆ ಟರ್ನ್‌ಟೇಬಲನ್ನು ರಿಸೀವರಿನ ಮೇಲಿಂದ ಇಳಿಸಿ ಒಂದು ಮಾರು ಪಕ್ಕಕ್ಕೆ ಸರಿಸಿ. ಒಳಗಿನ ದೊಡ್ಡ ಟ್ರಾನ್ಸ್‌ಫಾರ್ಮರ್ ಕಾರ್ಟ್ರಿಜ್ಜಿಗೆ ನೇರವಾಗಿ ಗುಂಯ್ ತುಂಬುತ್ತದೆ. ಅಮೆರಿಕದಿಂದ ಟರ್ನ್‌ಟೇಬಲ್ ಬಂದಿದ್ದರೆ ಇನ್ನೊಂದು ಎಚ್ಚರಿಕೆ: ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆ, ಆವರ್ತನವನ್ನು ಮುಟ್ಟುವುದಿಲ್ಲ. 60 ಹರ್ಟ್ಸಿಗೆ ಮಾಡಿದ ಹಳೆಯ ಸಿಂಕ್ರೋನಸ್ ಮೋಟಾರು ನಮ್ಮ 50 ಹರ್ಟ್ಸಿನಲ್ಲಿ 33⅓ರ ಬದಲು ಸುಮಾರು 27.8 ಸುತ್ತು ಹಾಕುತ್ತದೆ. ಭೀಮಸೇನ ಜೋಶಿಯವರ ಷಡ್ಜ ಸುಮಾರು ಮೂರು ಸ್ವರಸ್ಥಾನ ಕೆಳಕ್ಕೆ ಜಾರಿದರೆ ದೋಷ ಅವರದಲ್ಲ. 50 ಹರ್ಟ್ಸಿನ ಪುಲ್ಲಿ ಹಾಕಿಸಬೇಕು.

ಟೇಪ್ ಮಾನಿಟರ್ ಮತ್ತು ಯಕ್ಷಗಾನದ ಕ್ಯಾಸೆಟ್ಟುಗಳು

ಆರಂಭದಲ್ಲಿ ಹೇಳಿದ, ಒತ್ತಿಕೊಂಡು ಕೂರುವ ಗುಂಡಿ ಇದು. ಟೇಪ್ ಮಾನಿಟರ್ ಒತ್ತಿದೊಡನೆ ರಿಸೀವರ್ ಉಳಿದೆಲ್ಲವನ್ನೂ ಬಿಟ್ಟು ಟೇಪ್ ಪ್ಲೇ ಕಿಂಡಿಯನ್ನಷ್ಟೇ ಆಲಿಸುತ್ತದೆ. ಅಲ್ಲಿ ಏನೂ ಜೋಡಿಸಿಲ್ಲದಿದ್ದರೆ ರೇಡಿಯೊ, ಆಕ್ಸ್, ಫೋನೊ ಎಲ್ಲವೂ ಮೌನ. ಸೆಟ್ಟು ಸತ್ತಿದೆ ಎಂದು ಚೋರ್ ಬಜಾರಿನಲ್ಲಿ ಯಾರಾದರೂ ತೋರಿಸಿದರೆ ಮೊದಲು ಈ ಗುಂಡಿ ನೋಡಿ, ಚೌಕಾಶಿ ಆಮೇಲೆ.

ಕ್ಯಾಸೆಟ್ ಡೆಕ್ಕಿಗೆ ಎರಡು ಜೋಡಿ ಕೇಬಲ್ ಬೇಕು. ಡೆಕ್ಕಿನ ಪ್ಲೇ ಅಥವಾ ಲೈನ್ ಔಟ್ ಕಿಂಡಿಯಿಂದ ರಿಸೀವರಿನ ಟೇಪ್ ಪ್ಲೇಗೆ ಒಂದು. ರಿಸೀವರಿನ ಟೇಪ್ ರೆಕ್ ಕಿಂಡಿಯಿಂದ ಡೆಕ್ಕಿನ ಲೈನ್ ಇನ್‌ಗೆ ಇನ್ನೊಂದು. ರೆಕ್ ಕಿಂಡಿಯಿಂದ ಹೊರಬರುವ ಶಬ್ದಕ್ಕೆ ಧ್ವನಿಯ ಗುಂಡಿಯಾಗಲಿ, ಬಾಸ್, ಟ್ರೆಬಲ್ ಆಗಲಿ ತಾಗುವುದಿಲ್ಲ. ಅಂದರೆ ಸ್ಪೀಕರನ್ನು ಪೂರ್ತಿ ತಗ್ಗಿಸಿಯೂ ರೆಕಾರ್ಡ್ ಮಾಡಬಹುದು.

ಮುಂಬಯಿಯ ಎಷ್ಟೋ ಮನೆಗಳಲ್ಲಿ ಯಕ್ಷಗಾನ ಪ್ರಸಂಗಗಳ, ತಾಳಮದ್ದಳೆಯ ಕ್ಯಾಸೆಟ್ಟುಗಳು ಬೂಸ್ಟು ಹಿಡಿಯುತ್ತಿವೆ. ಅವುಗಳನ್ನು ಕಂಪ್ಯೂಟರಿಗೆ ಇಳಿಸಲು ಇದೇ ರೆಕ್ ಕಿಂಡಿ ಸಾಕು, ಆದರೆ ಒಂದು ಗಂಟು ಇದೆ. ಟೇಪ್ 1 ಪ್ಲೇಗೆ ಬಂದ ಶಬ್ದ ಸಾಮಾನ್ಯವಾಗಿ ಟೇಪ್ 1 ರೆಕ್‌ನಿಂದ ಹೊರಬರುವುದಿಲ್ಲ. ತನ್ನ ಶಬ್ದ ತನಗೇ ಸುತ್ತಿ ಬಂದು ಕೂಗದಿರಲೆಂದು ಹಾಗೆ ಕಟ್ಟಿರುತ್ತಾರೆ. ಇದನ್ನು ತಿಳಿಯದೆ ಅನೇಕರು ಕಂಪ್ಯೂಟರನ್ನು ಬಯ್ಯುತ್ತಾರೆ. ಡೆಕ್ಕನ್ನು ಆಕ್ಸಿಗೆ ಬದಲಿಸಿ, ಆಯ್ಕೆಯ ಗುಂಡಿಯನ್ನು ಆಕ್ಸಿಗೆ ತಿರುಗಿಸಿ, ಟೇಪ್ ಮಾನಿಟರನ್ನು ಬಿಡಿಸಿ. ಈಗ ರೆಕ್ ಕಿಂಡಿಯಲ್ಲಿ ಶಬ್ದ ಇರುತ್ತದೆ. ಅಲ್ಲಿಂದ ಯುಎಸ್‌ಬಿ ಆಡಿಯೊ ಇಂಟರ್‌ಫೇಸಿನ ಲೈನ್ ಇನ್‌ಗೆ ಕೇಬಲ್ ಎಳೆಯಿರಿ. ಲ್ಯಾಪ್‌ಟಾಪಿನ ಮೈಕ್ ಕಿಂಡಿಗೆ ಹಾಕಿದರೆ ಒಡೆಯುತ್ತದೆ. ರೆಕಾರ್ಡಿಂಗ್ ಮಟ್ಟವನ್ನು ಚೆಂಡೆಯ ಏರುಪೆಟ್ಟು ಬರುವ ಕಡೆಯಲ್ಲಿ ಹೊಂದಿಸಿ, ಭಾಗವತರ ಆಲಾಪದ ಮೇಲೆ ಅಲ್ಲ. ಕ್ಯಾಸೆಟ್ಟನ್ನು ಮೊದಲು ಒಮ್ಮೆ ಕೊನೆಯವರೆಗೆ ಓಡಿಸಿ ಹಿಂದಕ್ಕೆ ಸುತ್ತಿ, ಡೆಕ್ಕಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಆಮೇಲೆ ಶುರುಮಾಡಿ. ಬೂಸ್ಟು ಕಣ್ಣಿಗೆ ಕಾಣುವಷ್ಟಿದ್ದರೆ ಆ ಕ್ಯಾಸೆಟ್ಟನ್ನು ಎಲ್ಲಕ್ಕಿಂತ ಕೊನೆಗೆ ಹಾಕಿ, ಅದಾದ ಮೇಲೆ ಹೆಡ್ಡನ್ನು ಮತ್ತೆ ಒರೆಸಿ.